ಕಿವಿಗೆ ಎಷ್ಟು ಸದ್ದು, ಎಷ್ಟು ಹೊತ್ತು?

ಸದ್ದು ಕಿವಿಗೆ ಎಷ್ಟು ಕೆಡುಕು ಮಾಡುತ್ತದೆ ಎಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ. ಸದ್ದು ಎಷ್ಟು ಜೋರು ಎಂಬುದು ಒಂದು. ಅದು ಎಷ್ಟು ಹೊತ್ತು ಕಿವಿಗೆ ಬೀಳುತ್ತದೆ ಎಂಬುದು ಇನ್ನೊಂದು. ಮೊದಲನೆಯದರ ಅಂದಾಜು ಎಲ್ಲರಿಗೂ ಇದೆ: ಪಟಾಕಿ ಹತ್ತಿರದಲ್ಲಿ ಸಿಡಿಯುವಾಗ ಕೈಗಳು ತಾವಾಗಿಯೇ ಕಿವಿ ಮುಚ್ಚುತ್ತವೆ. ಎರಡನೆಯದು ಸಾಮಾನ್ಯವಾಗಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದಕ್ಕೆ ಕಾರಣವೂ ಇದೆ. ಸದ್ದಿನಿಂದ ಕಿವಿ ನೋಯತೊಡಗುವುದು ಸುಮಾರು 120 ಡೆಸಿಬಲ್ ಮುಟ್ಟಿದ ಮೇಲೆ. ಆದರೆ ದಿನಗಟ್ಟಲೆ, ವರ್ಷಗಟ್ಟಲೆ ಕೇಳಿದರೆ ಹಾನಿ ಮಾಡುವ ಸದ್ದು 80 ಡೆಸಿಬಲ್ ಆಸುಪಾಸಿನಲ್ಲೇ ಶುರುವಾಗುತ್ತದೆ. ಇವೆರಡರ ನಡುವಿನ 40 ಡೆಸಿಬಲ್ ಅಂತರದಲ್ಲಿ ಕಿವಿ ನೋಯುವುದಿಲ್ಲ, ಉರಿಯುವುದಿಲ್ಲ, ಸೋರುವುದಿಲ್ಲ. ಹಾಡು ಹಿತವಾಗಿಯೇ ಕೇಳಿಸುತ್ತಿರುತ್ತದೆ. ಕಿವಿ ಕೆಡುವುದು ಬಹುಪಾಲು ಈ ಹಿತದ ಅಂತರದಲ್ಲೇ.

ಡೆಸಿಬಲ್ ಎಂಬ ಅಳತೆ 1920ರ ದಶಕದಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಎಂಜಿನಿಯರುಗಳಿಂದ ಬಳಕೆಗೆ ಬಂತು. ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಹೆಸರು ಅದರಲ್ಲಿ ಉಳಿದಿದೆ. ಸೊನ್ನೆ ಡೆಸಿಬಲ್ ಎಂದರೆ ನಿಶ್ಶಬ್ದವಲ್ಲ. ಆರೋಗ್ಯವಂತ ಎಳೆಯ ಕಿವಿಗೆ ಕೇಳಿಸಬಲ್ಲ ಅತಿ ಕ್ಷೀಣ ಸದ್ದು. ಪಿಸುಮಾತು ಸುಮಾರು 30, ಎದುರುಬದುರು ಕೂತು ಆಡುವ ಮಾತು ಸುಮಾರು 60, ವಾಹನ ಕಿಕ್ಕಿರಿದ ರಸ್ತೆ 75ರಿಂದ 85, ಅಡುಗೆಮನೆಯ ಮಿಕ್ಸಿ 85 ಅಥವಾ ಅದಕ್ಕೂ ಹೆಚ್ಚು. ಸದ್ದು ಅಳೆಯುವ ಮೀಟರು ಮನುಷ್ಯನ ಕಿವಿಗೆ ಕಡಿಮೆ ಕೇಳಿಸುವ ತೀರಾ ತಗ್ಗಿನ ಸ್ವರಗಳನ್ನು ಅದೇ ಪ್ರಮಾಣದಲ್ಲಿ ಕಡಿತ ಮಾಡಿ ಲೆಕ್ಕ ಕೊಡುತ್ತದೆ. ಆರೋಗ್ಯದ ಮಿತಿಗಳೆಲ್ಲ ಸಾಮಾನ್ಯವಾಗಿ ಹೀಗೆ ತಿದ್ದಿದ ಡೆಸಿಬಲ್‌ನಲ್ಲೇ ಇರುತ್ತವೆ.

ಈ ಅಳತೆಯ ಏರಿಕೆ ಗಜಕಡ್ಡಿಯ ಹಾಗೆ ಸಮಸಮನಾಗಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. 3 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ, 10 ಏರಿದರೆ ಹತ್ತು ಪಟ್ಟು, 20 ಏರಿದರೆ ನೂರು ಪಟ್ಟು. ಸೊನ್ನೆಯಿಂದ 120ರವರೆಗಿನ ವ್ಯತ್ಯಾಸ ಒಂದು ಲಕ್ಷ ಕೋಟಿ ಪಟ್ಟು. ಕಿವಿಯ ಅನುಭವ ಮಾತ್ರ ಈ ಲೆಕ್ಕದ ಜೊತೆ ಹೋಗುವುದಿಲ್ಲ. ಶಕ್ತಿ ಇಮ್ಮಡಿಯಾದಾಗ ಕೇಳುವವರಿಗೆ "ತುಸು ಜೋರಾಯಿತು" ಅನ್ನಿಸಬಹುದು, ಅಷ್ಟೆ. ಸದ್ದು ಎರಡು ಪಟ್ಟಾಯಿತು ಅನ್ನಿಸುವುದು 10 ಡೆಸಿಬಲ್ ಏರಿದಾಗ; ಆ ಹೊತ್ತಿಗೆ ಒಳಕಿವಿಯ ಮೇಲೆ ಬೀಳುವ ಶಕ್ತಿ ಹತ್ತು ಪಟ್ಟಾಗಿರುತ್ತದೆ. ಫೋನಿನ ಬದಿಯ ಗುಂಡಿಯನ್ನು ಎರಡು ಸಲ ಒತ್ತಿದಾಗ ಏನಾಯಿತು ಎಂದು ಕೇಳುಗರಿಗೆ ತಿಳಿಯದೆ ಹೋಗುವುದು ಇದರಿಂದಲೇ.

ಸುರಕ್ಷಿತ ಮಿತಿಯ ಲೆಕ್ಕವೂ ಇದೇ ಸೂತ್ರದ ಮೇಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ವಾರಕ್ಕೆ 40 ತಾಸು ಕೇಳಬಹುದಾದ ಸದ್ದು 80 ಡೆಸಿಬಲ್. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧವಾಗುತ್ತ ಹೋಗುತ್ತದೆ. 83ಕ್ಕೆ ವಾರಕ್ಕೆ 20 ತಾಸು, 86ಕ್ಕೆ 10 ತಾಸು, 89ಕ್ಕೆ 5 ತಾಸು. 95 ಡೆಸಿಬಲ್ ತಲುಪುವ ಹೊತ್ತಿಗೆ ಇಡೀ ವಾರಕ್ಕೆ ಉಳಿಯುವುದು ಒಂದೂಕಾಲು ತಾಸು. 100 ಡೆಸಿಬಲ್‌ನಲ್ಲಿ ಸುಮಾರು 20 ನಿಮಿಷ. 110ರಲ್ಲಿ ಎರಡೂವರೆ ನಿಮಿಷದೊಳಗೆ ವಾರದ ಪಾಲು ಮುಗಿದಿರುತ್ತದೆ. ಇದು ದಿನದ ಲೆಕ್ಕವಲ್ಲ, ವಾರದ್ದು ಎಂಬುದನ್ನು ಮರೆಯಬಾರದು. ಐದು ದಿನ ಸುಮ್ಮನಿದ್ದು ಶನಿವಾರ ಒಂದೇ ರಾತ್ರಿಯ ಸಂಗೀತ ಕಾರ್ಯಕ್ರಮದಲ್ಲಿ ಸ್ಪೀಕರ್ ಪಕ್ಕ ಮೂರು ತಾಸು ನಿಂತರೂ ಹಲವು ವಾರಗಳ ಪಾಲನ್ನು ಕಿವಿ ಒಮ್ಮೆಲೇ ನುಂಗಿರುತ್ತದೆ. ಮಕ್ಕಳಿಗೆ ಮಿತಿ ಇನ್ನೂ ಕೆಳಗೆ: ವಾರಕ್ಕೆ 40 ತಾಸು, 75 ಡೆಸಿಬಲ್.

ಕಾರ್ಖಾನೆಗಳಿಗೆ ಹಾಕಿರುವ ಮಿತಿಯನ್ನೂ ಈ ಮಿತಿಯನ್ನೂ ಒಂದೇ ಎಂದು ತಿಳಿಯುವವರಿದ್ದಾರೆ. ಎರಡೂ ಬೇರೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಶೋಧನಾ ಸಂಸ್ಥೆ ಶಿಫಾರಸು ಮಾಡಿರುವುದು ದಿನಕ್ಕೆ 8 ತಾಸು 85 ಡೆಸಿಬಲ್. ಭಾರತದ ಕಾರ್ಖಾನೆ ನಿಯಮಗಳಲ್ಲಿ ಬಹುಕಾಲದಿಂದ ನಡೆದು ಬಂದಿರುವುದು 8 ತಾಸಿಗೆ 90. ಅದೇ ಅಮೆರಿಕದ ಸಂಸ್ಥೆ 1998ರಲ್ಲಿ ಕೊಟ್ಟ ಅಂದಾಜಿನಂತೆ, 40 ವರ್ಷ ದುಡಿಯುವವರಲ್ಲಿ 85 ಡೆಸಿಬಲ್‌ಗೆ 100ಕ್ಕೆ 8 ಮಂದಿ, 90 ಡೆಸಿಬಲ್‌ಗೆ 100ಕ್ಕೆ 25 ಮಂದಿ, ವಯಸ್ಸಿನಿಂದ ಆಗುವುದಲ್ಲದೆ, ಬರೀ ಸದ್ದಿನ ದೆಸೆಯಿಂದಲೇ ಮಾತು ಕೇಳಲು ತೊಡಕಾಗುವಷ್ಟು ಕಿವಿ ಕಳೆದುಕೊಳ್ಳುತ್ತಾರೆ. ಅಂದರೆ ಕಾರ್ಖಾನೆಯ ಮಿತಿ ಎಂಬುದು ಯಂತ್ರ ಓಡಲೇಬೇಕು ಎಂಬ ಒತ್ತಾಯಕ್ಕೂ ಕಾರ್ಮಿಕರ ಕಿವಿಗೂ ನಡುವೆ ಆದ ರಾಜಿ. ನಾಲ್ವರಲ್ಲಿ ಒಬ್ಬರ ಕಿವಿ ಕೊಟ್ಟು ಕೊಂಡ ರಾಜಿಯನ್ನು ಸುರಕ್ಷಿತ ಎಂದು ಕರೆಯುವುದು ನ್ಯಾಯವಲ್ಲ. ಸಂತೋಷಕ್ಕೆಂದು ಹಾಡು ಕೇಳುವವರಂತೂ ಆ ರಾಜಿಗೆ ಒಪ್ಪಬೇಕಾದ ಯಾವ ಅಗತ್ಯವೂ ಇಲ್ಲ.

ಹಾನಿ ಆಗುವುದು ಒಳಕಿವಿಯಲ್ಲಿ. ಗಾಳಿಯ ಅಲೆ ಕಿವಿಯ ತಮಟೆಗೆ ಬಡಿದು, ಮೂರು ಪುಟ್ಟ ಮೂಳೆಗಳ ಮೂಲಕ ಕಾಕ್ಲಿಯಾ ಎಂಬ ಸುರುಳಿಗೆ ದಾಟುತ್ತದೆ. ಸುರುಳಿ ಬಿಚ್ಚಿ ಚಾಚಿದರೆ ಉದ್ದ ಮೂರೂವರೆ ಸೆಂಟಿಮೀಟರ್ ಮಾತ್ರ. ಅದರೊಳಗಿನ ದ್ರವ ಅಲುಗಿದಂತೆ ಉದ್ದಕ್ಕೂ ಹಾಸಿರುವ ತೆಳುಪೊರೆ ತೊನೆಯುತ್ತದೆ. ಕೀರಲು ಸ್ವರಗಳಿಗೆ ಬುಡದ ಭಾಗ, ತಗ್ಗು ಸ್ವರಗಳಿಗೆ ತುದಿಯ ಭಾಗ. ಇದನ್ನು ತೋರಿಸಿಕೊಟ್ಟ ಹಂಗೇರಿ ಮೂಲದ ವಿಜ್ಞಾನಿ ಗೇಯೋರ್ಗ್ ಫಾನ್ ಬೇಕೆಶಿ ಅವರಿಗೆ 1961ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಪೊರೆಯ ಮೇಲೆ ಸಾಲಾಗಿ ಕೂತಿರುವ ರೋಮಕೋಶಗಳು ಅಲುಗಾಟವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ ನರಕ್ಕೆ ಕೊಡುತ್ತವೆ. ಒಂದು ಕಿವಿಯಲ್ಲಿ ಇರುವುದು ಹೆಚ್ಚೆಂದರೆ ಹದಿನೈದು, ಹದಿನಾರು ಸಾವಿರ ಕೋಶಗಳು. ಹುಟ್ಟುವಾಗ ಬಂದಷ್ಟೇ. ಕೋಳಿ ಮತ್ತಿತರ ಹಕ್ಕಿಗಳಲ್ಲಿ ಸತ್ತ ರೋಮಕೋಶಗಳ ಜಾಗದಲ್ಲಿ ಹೊಸವು ಹುಟ್ಟುತ್ತವೆ ಎಂದು 1980ರ ದಶಕದಲ್ಲಿ ಕಂಡುಬಂತು. ಮನುಷ್ಯನಿಗೆ ಆ ಭಾಗ್ಯವಿಲ್ಲ.

ಜೋರು ಸದ್ದು ಬಹಳ ಹೊತ್ತು ಬಿದ್ದಾಗ ಈ ಕೋಶಗಳ ತಲೆಯ ಮೇಲಿನ ಸೂಕ್ಷ್ಮ ಎಳೆಗಳು ಗಾಳಿಮಳೆಗೆ ಸಿಕ್ಕ ಭತ್ತದ ಪೈರಿನಂತೆ ಒರಗಿಬಿಡುತ್ತವೆ. ಅದೇ ಹೊತ್ತಿಗೆ ಅತಿಯಾದ ದುಡಿತದಿಂದ ಕೋಶದೊಳಗೆ ವಿಷಕಾರಿ ಕಣಗಳು ಶೇಖರವಾಗುತ್ತವೆ. ಸದ್ದು ನಿಂತು ವಿಶ್ರಾಂತಿ ಸಿಕ್ಕರೆ ಬಹಳಷ್ಟು ಕೋಶಗಳು ಚೇತರಿಸಿಕೊಳ್ಳುತ್ತವೆ. ಜಾತ್ರೆ, ಮೆರವಣಿಗೆ, ಆರ್ಕೆಸ್ಟ್ರಾ ಮುಗಿಸಿ ಮನೆಗೆ ಬಂದ ರಾತ್ರಿ ಕಿವಿ ಗುಂಯ್ ಅನ್ನುವುದು, ಹತ್ತಿ ತುರುಕಿದ ಹಾಗೆ ಮಾತು ಮಂದವಾಗಿ ಕೇಳಿಸುವುದು, ಬೆಳಗ್ಗೆ ಎದ್ದಾಗ ಸರಿಹೋಗಿರುವುದು ಹಲವರ ಅನುಭವ. ಸರಿಹೋಯಿತಲ್ಲ, ಏನೂ ಆಗಿಲ್ಲ ಎಂದೇ ವೈದ್ಯಲೋಕವೂ ಬಹುಕಾಲ ನಂಬಿತ್ತು.

ಆ ನಂಬಿಕೆಯನ್ನು ಅಲುಗಿಸಿದ್ದು 2009ರಲ್ಲಿ ಬಾಸ್ಟನ್‌ನ ಶ್ಯಾರನ್ ಕುಜಾವ ಮತ್ತು ಚಾರ್ಲ್ಸ್ ಲಿಬರ್ಮನ್ ಪ್ರಕಟಿಸಿದ ಪ್ರಯೋಗ. ಇಲಿಗಳಿಗೆ ಎರಡು ತಾಸು 100 ಡೆಸಿಬಲ್ ಸದ್ದು ಕೇಳಿಸಲಾಯಿತು. ಕೆಲವು ದಿನಗಳಲ್ಲಿ ಅವುಗಳ ಕಿವಿ ಪರೀಕ್ಷೆಯಲ್ಲಿ ಮೊದಲಿನಂತೆಯೇ ಕಂಡಿತು, ರೋಮಕೋಶಗಳೂ ಉಳಿದಿದ್ದವು. ಆದರೆ ಕೀರಲು ಸ್ವರಗಳ ಭಾಗದಲ್ಲಿ ಆ ಕೋಶಗಳಿಗೂ ನರಕ್ಕೂ ನಡುವಿನ ಕೊಂಡಿಗಳಲ್ಲಿ ಅರ್ಧದಷ್ಟು ಕಳಚಿಹೋಗಿದ್ದವು, ಮತ್ತೆ ಕೂಡಿಕೊಳ್ಳಲಿಲ್ಲ. ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂಬ ಬಗ್ಗೆ ವಿಜ್ಞಾನಿಗಳ ಚರ್ಚೆ ಇನ್ನೂ ಮುಗಿದಿಲ್ಲ. ಆದರೂ ಕಿವಿಯ ಪರೀಕ್ಷೆ ಸರಿಯಾಗಿದ್ದು, ಗದ್ದಲದ ನಡುವೆ ಮಾತ್ರ ಮಾತು ಹಿಡಿಯಲಾಗದೆ ಒದ್ದಾಡುವವರಿಗೆ ಒಂದು ಸಂಭಾವ್ಯ ವಿವರಣೆ ಇಲ್ಲಿಂದ ಸಿಕ್ಕಿತು. ಬೆಳಗ್ಗೆಗೆ ನಿಂತುಹೋದ ಗುಂಯ್‌ಗುಡುವಿಕೆಯನ್ನು ಕಿವಿ ತಪ್ಪಿಸಿಕೊಂಡಿತು ಎಂದು ಓದುವುದಕ್ಕಿಂತ, ಪೆಟ್ಟು ಬಿದ್ದಿತ್ತು ಎಂದು ಓದುವುದು ಲೇಸು.

ಸದ್ದಿನಿಂದ ಕೆಟ್ಟ ಕಿವಿಗೆ ತನ್ನದೇ ಗುರುತಿದೆ. ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ 3,000ದಿಂದ 6,000 ಹರ್ಟ್ಸ್ ನಡುವೆ, ಹೆಚ್ಚಾಗಿ 4,000 ಹರ್ಟ್ಸ್ ಬಳಿ, ಗೆರೆ ಧುತ್ತೆಂದು ಕೆಳಗಿಳಿದು ಮತ್ತೆ ಮೇಲೇರುತ್ತದೆ. ಹೊರಕಿವಿಯ ನಾಳದ ಆಕಾರವೇ ಸುಮಾರು 3,000 ಹರ್ಟ್ಸ್‌ನ ಸ್ವರಗಳನ್ನು ಹಿಗ್ಗಿಸುವಂಥದ್ದು. ಪೆಟ್ಟು ಅದಕ್ಕಿಂತ ತುಸು ಮೇಲಿನ ಸ್ವರಗಳ ಜಾಗಕ್ಕೆ ಬೀಳುತ್ತದೆ. ದಿನನಿತ್ಯದ ಬದುಕಿನಲ್ಲಿ ಇದರ ಪರಿಣಾಮ ವಿಚಿತ್ರ. ಸ್ವರಾಕ್ಷರಗಳು ತಗ್ಗಿನ ಕಂಪನಗಳು, ಶಕ್ತಿಯೂ ಹೆಚ್ಚು. ಅವು ಚೆನ್ನಾಗಿಯೇ ಕೇಳಿಸುತ್ತವೆ. ಸ, ಶ, ತ, ಪ, ಕ ಮೊದಲಾದ ವ್ಯಂಜನಗಳು ಕ್ಷೀಣ, ಹೆಚ್ಚಿನವು ಎತ್ತರದ ಕಂಪನಗಳನ್ನು ನೆಚ್ಚಿಕೊಂಡವು. ಕಾಲು, ಸಾಲು, ಪಾಲು, ಶಾಲು ಎಂಬ ನಾಲ್ಕೂ ಮಾತು ಇಂಥ ಕಿವಿಗೆ "ಆಲು" ಎಂದಷ್ಟೇ ಮುಟ್ಟುತ್ತವೆ. "ನೀವು ಮಾತಾಡೋದು ಕೇಳಿಸ್ತದೆ, ಏನಂತ ತಿಳಿಯೋದಿಲ್ಲ" ಎಂಬ ದೂರು ಹುಟ್ಟುವುದು ಹೀಗೆ. ಮನೆಯವರು ಇದನ್ನು ಗಮನವಿಲ್ಲದಿರುವಿಕೆ ಎಂದು ತಿಳಿದು ರೇಗುವುದುಂಟು. ಟಿವಿ ಜೋರು ಮಾಡುವುದು, ಹೆಂಗಸರ ಮತ್ತು ಮಕ್ಕಳ ಮಾತಿಗೆ ಪದೇ ಪದೇ "ಏನು?" ಅನ್ನುವುದು ಮೊದಲ ಸೂಚನೆಗಳು.

ದುಡಿಮೆಯ ಸದ್ದಿನಿಂದ ಕಿವಿ ಹೋಗುವುದು ಹೊಸ ಸಂಗತಿಯೇನಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜೀನಿ ಮುನ್ನೂರು ವರ್ಷಗಳ ಹಿಂದೆಯೇ ವೆನಿಸ್‌ನ ತಾಮ್ರದ ಕೆಲಸಗಾರರ ಕಿವುಡಿನ ಬಗ್ಗೆ ಬರೆದಿದ್ದರು. 1886ರಲ್ಲಿ ಗ್ಲಾಸ್ಗೋ ನಗರದ ವೈದ್ಯ ಥಾಮಸ್ ಬಾರ್ ಬಾಯ್ಲರ್ ತಯಾರಿಸುವವರ ಕಿವಿಯನ್ನು ಅಂಚೆ ಹಂಚುವವರ ಕಿವಿಯೊಂದಿಗೆ ಹೋಲಿಸಿ ನೋಡಿದರು. ಬಾಯ್ಲರ್ ಕೆಲಸಗಾರರ ಸ್ಥಿತಿ ತೀರಾ ಕೆಟ್ಟದಾಗಿತ್ತು. ಕರ್ನಾಟಕದಲ್ಲಿ ಇದೇ ಮಾತನ್ನು ದೊಡ್ಡಬಳ್ಳಾಪುರದ, ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳ ಮುಂದೆ ನಿಂತು ನೋಡಬಹುದು. ಲಾಳಿ ಎಡಬಲಕ್ಕೆ ಬಡಿಯುವ ಹೊಡೆತ, ಹಲಗೆಯ ಅಪ್ಪಳಿಕೆ, ತಗಡು ಅಥವಾ ಹೆಂಚಿನ ಸೂರಿನ ಕೆಳಗೆ ನಾಲ್ಕಾರು ಮಗ್ಗಗಳ ಸದ್ದು ಗೋಡೆಯಿಂದ ಗೋಡೆಗೆ ಮರಳುವುದು. ಇಂಥ ಕಡೆ ಸದ್ದು 90 ಡೆಸಿಬಲ್ ಮೀರುವುದು ಸಾಮಾನ್ಯ. ನೇಕಾರರು ಒಬ್ಬರಿಗೊಬ್ಬರು ತುಟಿಯ ಚಲನೆ, ಕೈಸನ್ನೆಗಳಲ್ಲೇ ಮಾತು ಮುಗಿಸುತ್ತಾರೆ. ಸದ್ದಿನಿಂದ ಬರುವ ಕಿವುಡು ಕಾರ್ಖಾನೆಗಳಿಗೆ ಅನ್ವಯವಾಗುವ ಕಾಯ್ದೆಯ ಪಟ್ಟಿಯಲ್ಲಿ ವರದಿ ಮಾಡಲೇಬೇಕಾದ ಕಾಯಿಲೆ. ಮನೆಯ ಪಡಸಾಲೆಯಲ್ಲೇ ಮಗ್ಗ ಇಟ್ಟುಕೊಂಡವರ ಬಾಗಿಲಿಗೆ ಆ ಕಾಯ್ದೆ ಬರುವುದೇ ಇಲ್ಲ. ತೊಟ್ಟಿಲ ಮಗುವೂ ಅದೇ ಸದ್ದಿನಲ್ಲಿ ಬೆಳೆಯುತ್ತದೆ. ಈ ವಿಷಯದಲ್ಲಿ ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾದವರು ಇವರೇ.

ಮೀಟರು ಇಲ್ಲದೆಯೇ ಸದ್ದನ್ನು ಅಂದಾಜು ಮಾಡಲು ಒಂದು ಸರಳ ಪರೀಕ್ಷೆಯಿದೆ. ಕೈಚಾಚಿದಷ್ಟು ದೂರದಲ್ಲಿ ನಿಂತವರೊಂದಿಗೆ ದನಿ ಎತ್ತರಿಸಿ ಮಾತಾಡಬೇಕಾಗಿ ಬಂದರೆ, ಅಲ್ಲಿನ ಸದ್ದು 85 ಡೆಸಿಬಲ್ ಆಸುಪಾಸು ಇದೆ ಅಥವಾ ಅದನ್ನು ಮೀರಿದೆ.

ಇಯರ್‌ಫೋನ್ ವಿಷಯದಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಯಾಕೆಂದರೆ ಸದ್ದು ಇರುವುದು ಕಿವಿಯ ನಾಳದ ಒಳಗೆ. ಪೂರ್ತಿ ಜೋರು ಮಾಡಿದ ಫೋನು ಹಲವು ಇಯರ್‌ಫೋನ್‌ಗಳಲ್ಲಿ 100 ಡೆಸಿಬಲ್ ಮುಟ್ಟಬಲ್ಲದು. 12ರಿಂದ 35 ವರ್ಷದೊಳಗಿನ ನೂರು ಕೋಟಿಗೂ ಹೆಚ್ಚು ಮಂದಿ ಕೇಳುವ ಅಭ್ಯಾಸದಿಂದಲೇ ಕಿವಿ ಕೆಡಿಸಿಕೊಳ್ಳುವ ಅಪಾಯದಲ್ಲಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದನ್ನು ಗಮನದಲ್ಲಿಟ್ಟುಕೊಂಡೇ. ಅದರ ಸಲಹೆ: ಸದ್ದು ಗರಿಷ್ಠದ ಶೇ 60 ಮೀರದಿರಲಿ. ಇದು ಒರಟು ಅಂದಾಜು. ಒಂದು ಫೋನಿನ ಶೇ 60 ಇನ್ನೊಂದರ ಶೇ 60ಕ್ಕೆ ಸಮವಲ್ಲ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ ರೂಪಿಸಿದ ಮಾನದಂಡದಂತೆ, ಕೇಳಿದ ಸದ್ದನ್ನೂ ಹೊತ್ತನ್ನೂ ಗುಣಿಸಿ ವಾರದ ಪಾಲಿನಲ್ಲಿ ಎಷ್ಟು ಖರ್ಚಾಯಿತು ಎಂದು ಉಪಕರಣವೇ ತೋರಿಸಬೇಕು. ಈಗಿನ ಹಲವು ಫೋನ್‌ಗಳಲ್ಲಿ ಈ ಲೆಕ್ಕವೂ, ಇಂತಿಷ್ಟು ಡೆಸಿಬಲ್ ದಾಟದಂತೆ ಕಟ್ಟುಹಾಕುವ ಸೌಲಭ್ಯವೂ ಇದೆ. ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ಅದನ್ನು 80ಕ್ಕೆ ಕಟ್ಟಿಟ್ಟರೆ ದಿನಾ ನೆನಪಿಡುವ ತಾಪತ್ರಯವಿಲ್ಲ. ಮಕ್ಕಳ ಕೈಗೆ ಕೊಡುವ ಫೋನು, ಟ್ಯಾಬ್‌ಗಳಿಗೆ 75 ಇರಲಿ.

ಜೋರಾಗಿ ಕೇಳುವವರೆಲ್ಲ ಜೋರು ಬೇಕೆಂದೇ ಕೇಳುವುದಿಲ್ಲ. ಬಸ್ಸಿನ ಎಂಜಿನ್, ರಸ್ತೆಯ ಹಾರ್ನ್ 78 ಡೆಸಿಬಲ್ ಇದ್ದರೆ ಹಾಡಿನ ಸಾಹಿತ್ಯ ತಿಳಿಯಲು ದನಿ ಅದಕ್ಕಿಂತ ಮೇಲಿರಬೇಕಲ್ಲ. ಸೀಟಿನಲ್ಲಿ ಕೂತು ಏರಿಸಿದ ಸದ್ದು ಇಳಿದು ಮನೆ ಸೇರಿದ ಮೇಲೂ ಹಾಗೆಯೇ ಉಳಿದಿರುತ್ತದೆ. ಕಿವಿಯ ನಾಳವನ್ನು ಸರಿಯಾಗಿ ಮುಚ್ಚುವ ರಬ್ಬರ್ ತುದಿಯ ಇಯರ್‌ಫೋನ್, ಅಥವಾ ಹೊರಗಿನ ಸದ್ದನ್ನು ತಗ್ಗಿಸುವ ತಂತ್ರವಿರುವ ಹೆಡ್‌ಫೋನ್ ಈ ಮಟ್ಟಿಗೆ ನಿಜಕ್ಕೂ ಉಪಕಾರಿ. ಹೊರಗಿನ ಗದ್ದಲ ಕಡಿಮೆಯಾದಷ್ಟೂ ಒಳಗಿನ ಹಾಡನ್ನು ಇಳಿಸಬಹುದು. ರಸ್ತೆ ದಾಟುವವರಿಗೆ, ಗಾಡಿ ಓಡಿಸುವವರಿಗೆ ಮಾತ್ರ ಇವು ಬೇಡ. ಪಕ್ಕದವರಿಗೆ ಹಾಡು ಕೇಳಿಸದಿದ್ದರೆ ಸುರಕ್ಷಿತ ಎಂಬ ನಂಬಿಕೆಗೆ ಆಧಾರವಿಲ್ಲ, ಮುಚ್ಚಿದ ಇಯರ್‌ಫೋನ್‌ನಿಂದ ಸದ್ದು ಸೋರುವುದೇ ಅಪರೂಪ.

ಮೆರವಣಿಗೆಯ ಡಿಜೆ ಮುಂದೆ ಕೇಳುಗರ ಕೈಯಲ್ಲಿ ಗುಂಡಿಯೂ ಇಲ್ಲ. ಅಲ್ಲಿ ನೆರವಿಗೆ ಬರುವುದು ದೂರ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ 110 ಇದ್ದದ್ದು ಎಂಟು ಮೀಟರಿಗೆ ಸುಮಾರು 92ಕ್ಕೆ ಬರುತ್ತದೆ. ಎರಡೂ ಬದಿ ಕಟ್ಟಡಗಳಿರುವ ಕಿರುಬೀದಿಯಲ್ಲಿ, ಸಾಲಾಗಿ ಪೇರಿಸಿದ ಸ್ಪೀಕರ್‌ಗಳ ಮುಂದೆ ಇಷ್ಟು ಇಳಿಯುವುದಿಲ್ಲ. ಹೆಗಲ ಮೇಲೆ ಮಗು ಹೊತ್ತು ಸ್ಪೀಕರ್ ಗಾಡಿಯ ಹಿಂದೆಯೇ ನಡೆಯುವುದನ್ನು ಗಣೇಶ ವಿಸರ್ಜನೆಯ ದಿನ ಎಲ್ಲ ಊರಿನಲ್ಲೂ ಕಾಣಬಹುದು. ಮಗುವಿನ ಕಿವಿ ಸ್ಪೀಕರ್‌ನ ಎತ್ತರಕ್ಕೇ ಇರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಹಗಲಿನಲ್ಲೂ ಸಾರ್ವಜನಿಕ ಸ್ಥಳದ ಗಡಿಯಲ್ಲಿ ಸದ್ದು 75 ಡೆಸಿಬಲ್ ಮೀರಬಾರದು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45. ಸುಪ್ರೀಂ ಕೋರ್ಟ್ 2005ರಲ್ಲಿ ಇವುಗಳನ್ನು ಗಟ್ಟಿಯಾಗಿ ಎತ್ತಿಹಿಡಿದಿದೆ. ನಿಯಮಕ್ಕೆ ಕೊರತೆಯಿಲ್ಲ, ಸ್ಥಳದಲ್ಲಿ ಮೀಟರು ಹಿಡಿದು ನಿಲ್ಲುವವರಿಗೆ ಕೊರತೆ.

ಪಟಾಕಿಯದು ಬೇರೆಯೇ ಲೆಕ್ಕ. ಸಿಡಿತದ ಸದ್ದಿಗೆ ಹೊತ್ತಿನ ಮಾತಿಲ್ಲ. ಒಂದೇ ಏಟಿಗೆ ರೋಮಕೋಶಗಳು ಹರಿದುಹೋಗಬಹುದು, ತಮಟೆಯೇ ತೂತಾಗಬಹುದು. ಜೋರು ಸದ್ದು ಬಂದಾಗ ನಡುಗಿವಿಯ ಪುಟ್ಟ ಸ್ನಾಯು ಬಿಗಿದುಕೊಂಡು ಒಂದಿಷ್ಟು ಅಡ್ಡ ನಿಲ್ಲುತ್ತದೆ, ಆದರೆ ಸಿಡಿತ ಅದಕ್ಕಿಂತ ಮೊದಲೇ ಒಳಹೊಕ್ಕಿರುತ್ತದೆ. ಇಂಥ ಸದ್ದಿನ ತುದಿ ವಯಸ್ಕರಿಗೆ 140, ಮಕ್ಕಳಿಗೆ 120 ಡೆಸಿಬಲ್ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಭಾರತದ 1999ರ ಅಧಿಸೂಚನೆ ನಿಷೇಧಿಸಿರುವುದು ನಾಲ್ಕು ಮೀಟರ್ ದೂರದಲ್ಲಿ ತುದಿ ಸದ್ದು 145 ದಾಟುವ ಪಟಾಕಿಯನ್ನು. ಕಾನೂನಿಗೆ ಒಪ್ಪುವ ಪಟಾಕಿಯೂ ನಾಲ್ಕು ಮೀಟರ್ ಆಚೆಯಿಂದಲೇ ಮಗುವಿನ ಕಿವಿಯ ಮಿತಿಯನ್ನು ಮೀರಬಲ್ಲದು ಎಂದಾಯಿತು.

ಸದ್ದಿನಿಂದ ದೂರ ಸರಿಯಲಾಗದ ಕಡೆ ಇಯರ್‌ಪ್ಲಗ್ ಬೇಕು. ಹತ್ತಿ ತುರುಕಿಕೊಳ್ಳುವುದು ಮನಸ್ಸಿನ ಸಮಾಧಾನಕ್ಕಷ್ಟೇ, ಅದು ತಡೆಯುವ ಸದ್ದು ತೀರಾ ಕಡಿಮೆ. ಸ್ಪಂಜಿನ ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆದು ಕಡ್ಡಿಯಷ್ಟು ಸಣ್ಣ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ಬಾಗಿದ ನಾಳ ನೇರವಾಗುತ್ತದೆ. ಆಗ ಒಳಗೆ ಸೇರಿಸಿ, ಅದು ಉಬ್ಬಿ ಕೂರುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಹೊರಗಿನಿಂದ ನೋಡಿದವರಿಗೆ ಪ್ಲಗ್ಗಿನ ಬಹುಭಾಗ ಕಾಣುತ್ತಿದ್ದರೆ ಅದು ಕೂತಿಲ್ಲ. ಪೊಟ್ಟಣದ ಮೇಲೆ ಅಚ್ಚಾದ 30ರ ಆಸುಪಾಸಿನ ಸಂಖ್ಯೆ ಪ್ರಯೋಗಾಲಯದ್ದು. ಬಳಕೆಯಲ್ಲಿ ಅದರ ಅರ್ಧ ಎಂದು ಎಣಿಸುವುದು ಒಳ್ಳೆಯದು. ಹಾಕಿಕೊಂಡ ಮೇಲೆ ತೆಗೆಯದಿರುವುದು ಅಷ್ಟೇ ಮುಖ್ಯ. 30 ಡೆಸಿಬಲ್ ತಡೆಯುವ ಪ್ಲಗ್ಗನ್ನು ಎಂಟು ತಾಸಿನಲ್ಲಿ ಬರೀ ಅರ್ಧ ತಾಸು ತೆಗೆದಿಟ್ಟರೂ ಆ ಪಾಳಿಯ ಒಟ್ಟು ರಕ್ಷಣೆ 12 ಡೆಸಿಬಲ್‌ಗೆ ಕುಸಿಯುತ್ತದೆ, ಯಾಕೆಂದರೆ ಆ ಅರ್ಧ ತಾಸಿನಲ್ಲೇ ಇಡೀ ಪಾಳಿಯ ಹದಿನಾರನೇ ಒಂದು ಪಾಲು ಸದ್ದು ಒಳಹೋಗಿರುತ್ತದೆ. ಚೆಂಡೆ, ಡ್ರಮ್ಸ್ ನುಡಿಸುವವರಿಗೆ, ಧ್ವನಿವರ್ಧಕ ನಿರ್ವಹಿಸುವವರಿಗೆ ಎಲ್ಲ ಸ್ವರಗಳನ್ನೂ ಸಮನಾಗಿ ತಗ್ಗಿಸುವ ವಿಶೇಷ ಪ್ಲಗ್ಗುಗಳಿವೆ. ಶ್ರುತಿ, ಬಣ್ಣ ಕೆಡದೆ ಸದ್ದು ಮಾತ್ರ ಇಳಿಯುತ್ತದೆ.

ಕೆಲವರ ಕಿವಿ ಉಳಿದವರಿಗಿಂತ ಬೇಗ ಸೋಲುತ್ತದೆ. ಜೆಂಟಮೈಸಿನ್, ಅಮಿಕಾಸಿನ್‌ನಂಥ ಚುಚ್ಚುಮದ್ದು, ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ರೋಮಕೋಶಗಳಿಗೆ ನೇರ ಹಾನಿ ಮಾಡಬಲ್ಲವು. ಪೇಂಟು, ಅಂಟುಗಳಲ್ಲಿರುವ ಟೊಲುಯಿನ್ ಆವಿಯೂ ಸದ್ದೂ ಸೇರಿದರೆ ಹಾನಿ ಹೆಚ್ಚು.

ಸದ್ದಿನ ನಡುವೆ ದುಡಿಯುವವರು ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕಿವಿಯಲ್ಲಿ ಸದಾ ಗುಂಯ್‌ಗುಡುವವರು, ಗದ್ದಲದಲ್ಲಿ ಮಾತು ಹಿಡಿಯಲಾಗದವರು ಒಮ್ಮೆಯಾದರೂ ಮಾಡಿಸಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ಇರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದದ್ದು. ದೊಡ್ಡ ಆಸ್ಪತ್ರೆಗಳ ಕಿವಿ-ಮೂಗು-ಗಂಟಲು ವಿಭಾಗಗಳಲ್ಲೂ ಪರೀಕ್ಷೆ ಸಿಗುತ್ತದೆ. 4,000 ಹರ್ಟ್ಸ್ ಬಳಿ ಗೆರೆ ಇಳಿದಿರುವುದು ಕಂಡರೆ ಇಳಿದದ್ದನ್ನು ಏರಿಸುವ ಔಷಧಿ ಇಲ್ಲ, ಇನ್ನಷ್ಟು ಇಳಿಯದಂತೆ ತಡೆಯಬಹುದು. ಶ್ರವಣ ಸಾಧನ ಕ್ಷೀಣ ಅಕ್ಷರಗಳನ್ನು ಎತ್ತಿಕೊಟ್ಟು ಬಹಳ ನೆರವಾಗುತ್ತದೆ, ಆದರೆ ಸತ್ತ ಕೋಶಗಳ ಕೆಲಸವನ್ನು ಅದು ಮಾಡಲಾರದು.

ತಡಮಾಡಲೇಬಾರದ ಸಂದರ್ಭ ಒಂದಿದೆ. ಪಟಾಕಿ ಸಿಡಿದ ಮೇಲೋ, ಕಾರಣವೇ ಇಲ್ಲದೆಯೋ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ, ಅಥವಾ ಗದ್ದಲದ ನಂತರದ ಮಂದತನ ಮಾರನೆಯ ದಿನವೂ ಬಿಡದಿದ್ದರೆ, ಗುಗ್ಗೆ ಕಟ್ಟಿಕೊಂಡಿರಬಹುದು ಎಂದು ಎಣ್ಣೆ ಬಿಟ್ಟುಕೊಂಡು ಕಾಯುವುದು ವಾಡಿಕೆ. ಕಾಯಬಾರದು. ತಮಟೆ ತೂತಾಗಿದ್ದರೆ ಎಣ್ಣೆ ಸೋಂಕಿಗೆ ದಾರಿ. ಒಳಕಿವಿಗೆ ಪೆಟ್ಟು ಬಿದ್ದಿದ್ದರೆ ವೈದ್ಯರು ಸ್ಟಿರಾಯ್ಡ್ ಕೊಡುತ್ತಾರೆ. ಮೊದಲ ಎರಡು ಮೂರು ದಿನಗಳಲ್ಲಿ ಶುರುವಾದರೆ ಅದರಿಂದ ಪ್ರಯೋಜನ ಹೆಚ್ಚು, ಎರಡು ವಾರ ಕಳೆದ ಮೇಲೆ ಆ ಪ್ರಯೋಜನ ಬೇಗ ಬೇಗ ಇಳಿಯುತ್ತದೆ.